ಎತ್ತು ಕುಂಟಿದರೆ ಗೊರಸು ನೋಡುತ್ತೇವೆ, ಮುತ್ಯಾ ತಡವರಿಸಿದರೆ?

ಎತ್ತು ಕುಂಟಿದರೆ ಅವತ್ತೇ ಗೊರಸು ಎತ್ತಿ ನೋಡುತ್ತೇವೆ. ಮುಳ್ಳು ಚುಚ್ಚಿದೆಯೇ, ಲಾಳ ಸಡಿಲಾಗಿದೆಯೇ, ಕೊಟ್ಟಿಗೆಯ ಹಾಸುಗಲ್ಲು ಜಾರುತ್ತಿದೆಯೇ ಎಂದು ಹುಡುಕುತ್ತೇವೆ. ಕಾರಣ ಸಿಗುವ ತನಕ ಬಿಡುವುದಿಲ್ಲ. ಮನೆಯ ಮುತ್ಯಾ ಗೋಡೆ ಹಿಡಿದು ನಡೆಯತೊಡಗಿದರೆ ಮಾತ್ರ "ವಯಸ್ಸಾತು ಬಿಡ್ರಿ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಒಂದು ದಿನ ಅವರು ಬೀಳುತ್ತಾರೆ. ಆಗಲೂ ಅದೇ ಮಾತು.

ಮುಪ್ಪಿನಲ್ಲಿ ಬೀಳುವುದಕ್ಕೂ ಕಾರಣಗಳಿರುತ್ತವೆ. ಎತ್ತಿನ ಕುಂಟಿಗೆ ಇರುವ ಹಾಗೆಯೇ. ಅವುಗಳಲ್ಲಿ ಬಹಳಷ್ಟನ್ನು ನಾವೇ, ಮನೆಯಲ್ಲಿ ಬಿದ್ದಿರುವ ಸಾಮಾನಿನಿಂದಲೇ ಸರಿಮಾಡಬಹುದು. ನಮ್ಮ ಓಣಿಯ ಹಿರಿಯರನ್ನು ಮಾತಾಡಿಸಿ, ಆಸ್ಪತ್ರೆಯವರನ್ನು ಕೇಳಿ, ನಮ್ಮ ಮನೆಯಲ್ಲಿ ಮಾಡಿ ನೋಡಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಪಟ್ಟಿಯಲ್ಲಿ ಬುಡಕಟ್ಟು, ಬದುಕಿನಲ್ಲಿ ಒಕ್ಕಲುತನ

ನಾನು ಯಾದಗಿರಿ ಹತ್ತಿರದ ಅಬ್ಬೆತುಮಕೂರಿನವನು. ವಿಶ್ವಾರಾಧ್ಯರ ಮಠದಿಂದಾಗಿ ನಮ್ಮೂರ ಹೆಸರು ದೂರದವರಿಗೂ ಗೊತ್ತು. ನಾಲ್ಕು ಎಕರೆ ಎರೆ ಹೊಲ, ತೊಗರಿ, ಹತ್ತಿ, ಮನೆ ಮಟ್ಟಿಗೆ ಒಂದಿಷ್ಟು ಜೋಳ. ನಮ್ಮದು ನಾಯಕರ ಮನೆ.

ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಕಡೆ ಬೇಡ ನಾಯಕರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಸುರಪುರ ಸಂಸ್ಥಾನ ಆಳಿದವರು ನಾಯಕರೇ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರಿಗೆ ಎದುರು ನಿಂತದ್ದನ್ನು ಇಲ್ಲಿ ಈಗಲೂ ಹೇಳುತ್ತಾರೆ. 1991ರ ಕೇಂದ್ರದ ಕಾಯ್ದೆಯಿಂದ ಬೇಡ, ಬೇಡರ, ವಾಲ್ಮೀಕಿ ಎಂಬ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. ಬುಡಕಟ್ಟು ಎಂದ ಕೂಡಲೇ ಓದುಗರ ಕಣ್ಣಿಗೆ ಕಾಡು ಬರಬಹುದು. ನಮ್ಮದು ಬಯಲುಸೀಮೆ, ಎರೆಮಣ್ಣು, ಕಲ್ಲುಗುಡ್ಡ. ಹೆಚ್ಚಿನವರು ಸಣ್ಣ ರೈತರು, ಇಲ್ಲವೇ ಕೂಲಿಯವರು.

ಇಂಥ ಮನೆಗಳಲ್ಲಿ ಮುದುಕರು ಸುಮ್ಮನೆ ಕೂತವರಲ್ಲ. ಮುತ್ಯಾ ಆಡು ಕಾಯುತ್ತಾನೆ, ಜೋಳಕ್ಕೆ ಹಾಲು ತುಂಬಿದಾಗ ಹಕ್ಕಿ ಓಡಿಸುತ್ತಾನೆ, ರಾಶಿಗೆ ಕಾವಲು ಮಲಗುತ್ತಾನೆ. ಆಯಿ ಮೊಮ್ಮಕ್ಕಳನ್ನು ನೋಡುತ್ತಾಳೆ, ಹತ್ತಿ ಬಿಡಿಸುತ್ತಾಳೆ, ಕಾಳು ಹಸನು ಮಾಡುತ್ತಾಳೆ. ಸುಗ್ಗಿ ಮುಗಿದ ಮೇಲೆ ದುಡಿಯುವ ವಯಸ್ಸಿನವರು ಬೆಂಗಳೂರು, ಪುಣೆ, ಮುಂಬೈ ಕಡೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಆಗ ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಯ ಮಕ್ಕಳು. ಮನೆ, ದನ, ಮಕ್ಕಳು ಎಲ್ಲವೂ ಆ ಎರಡು ಮುದಿ ಕಾಲುಗಳ ಮೇಲೆ ನಿಂತಿರುತ್ತವೆ.

ಒಬ್ಬರು ಬಿದ್ದರೆ ಇಬ್ಬರು ಕೂತ ಹಾಗೆ

ನಮ್ಮ ಓಣಿಯ ಒಬ್ಬ ಮುತ್ಯಾನ ಮಾತು ಹೇಳುತ್ತೇನೆ. ಎಪ್ಪತ್ತರ ಮೇಲಾಗಿತ್ತು, ಆದರೂ ದಿನಾ ಹೊಲಕ್ಕೆ ಹೋಗಿ ಬರುತ್ತಿದ್ದ. ಒಂದು ರಾತ್ರಿ ಮೂತ್ರಕ್ಕೆಂದು ಎದ್ದು ಬಚ್ಚಲದ ಪರಸಿಯ ಮೇಲೆ ಜಾರಿದ. ಸೊಂಟದ ಕೀಲಿನ ಎಲುಬು ಮುರಿದಿತ್ತು. ಮನೆಯವರಿಗೆ ಅದು ತಿಳಿಯಲಿಲ್ಲ. ಎಲುಬು ಕಟ್ಟುವವರೊಬ್ಬರ ಬಳಿ ಒಯ್ದು ಪಟ್ಟು ಹಾಕಿಸಿದರು. ಮೂರು ವಾರ ಕಳೆದ ಮೇಲೆ ದೊಡ್ಡ ಆಸ್ಪತ್ರೆಗೆ ಹೋದಾಗ ಬಹಳ ತಡವಾಗಿತ್ತು. ಆತ ಮತ್ತೆ ನಡೆಯಲಿಲ್ಲ. ಮಲಗಿದಲ್ಲೇ ಬೆನ್ನು ಹುಣ್ಣಾಗಿ, ಎದೆಯಲ್ಲಿ ಕಫ ಕಟ್ಟಿ, ಮುಂದಿನ ಮಳೆಗಾಲ ಕಾಣಲಿಲ್ಲ.

ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದ. ಸೊಸೆ ಕೂಲಿಗೆ ಹೋಗುವುದು ನಿಂತಿತು. ಆಡುಗಳನ್ನು ಮಾರಿದರು. ಆ ವರ್ಷ ತೊಗರಿಗೆ ಔಷಧಿ ಹೊಡೆಯುವುದಕ್ಕೂ ಕೈಯಲ್ಲಿ ದುಡ್ಡಿರಲಿಲ್ಲ. ಬಿದ್ದವನು ಒಬ್ಬ, ಅವನ ಜೊತೆ ಇಡೀ ಮನೆ ಕೂತಿತು.

ಇದು ನಮ್ಮ ಸೀಮೆಗಷ್ಟೇ ಬಂದ ಕಷ್ಟವಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಇವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಮುಂದಿನ ಸ್ಥಾನ ಬೀಳುವುದಕ್ಕೇ.

ಎಲ್ಲೆಲ್ಲಿ ಬೀಳುತ್ತಾರೆ?

"ಎಲ್ಲಿ ಬಿದ್ದಿದ್ರಿ, ಹೆಂಗ ಬಿದ್ರಿ?" ಎಂದು ಓಣಿಯ ಹಿರಿಯರನ್ನು ಕೇಳುತ್ತಾ ಹೋದೆ. ಗುಡ್ಡದಲ್ಲಿ, ಹೊಲದಲ್ಲಿ ಎನ್ನುವ ಉತ್ತರ ಬರಬಹುದು ಎಂದುಕೊಂಡಿದ್ದೆ. ಹೆಚ್ಚಿನವರು ಮನೆಯೊಳಗೇ, ದಿನಾ ಓಡಾಡುವ ಜಾಗದಲ್ಲೇ ಬಿದ್ದಿದ್ದರು.

ಮೊದಲನೆಯದು ಬಚ್ಚಲ. ನಮ್ಮಲ್ಲಿ ಶಹಾಬಾದ್ ಪರಸಿ ಅಗ್ಗ, ಹತ್ತಿರ, ಗಟ್ಟಿ. ಹಾಗಾಗಿ ಪಡಸಾಲೆಯಿಂದ ಬಚ್ಚಲದವರೆಗೆ ಅದೇ. ಪಾಲಿಶ್ ಮಾಡಿದ ಪರಸಿಗೆ ನೀರು, ಸಾಬೂನು ಬಿದ್ದರೆ ಹರೆಯದವರೇ ಜಾರುತ್ತಾರೆ.

ಎರಡನೆಯದು ಹೊಸ್ತಿಲು. ಹಳೆಯ ಕಲ್ಲುಮನೆಗಳ ಹೊಸ್ತಿಲು ಎತ್ತರ. ಹೊರಗಿನ ಬಿಸಿಲಿನಿಂದ ಒಳಗಿನ ಕತ್ತಲೆಗೆ ಕಾಲಿಡುವಾಗ ಕಣ್ಣು ಹೊಂದಿಕೊಳ್ಳುವುದಕ್ಕೆ ಮುಂಚೆ ಕಾಲು ಎಡವುತ್ತದೆ.

ಮೂರನೆಯದು ಅಂಗಳ ಮತ್ತು ಕೊಟ್ಟಿಗೆ. ದನ ಕಟ್ಟಿದ ಹಗ್ಗ, ಗೂಟ, ಹಸಿ ಸಗಣಿ, ಉರಿಯುವುದಕ್ಕೆಂದು ಒಟ್ಟಿದ ತೊಗರಿ ಕಟಗಿ, ಹತ್ತಿ ಕಟಗಿ. ಪಂಪಿನ ಹಳೆಯ ಪೈಪಿನ ಸುರುಳಿಯೂ ಅಲ್ಲೇ.

ನಾಲ್ಕನೆಯದು ಮಾಳಿಗೆಯ ಏಣಿ. ಮೆಣಸಿನಕಾಯಿ ಒಣಹಾಕಲು, ಮಳೆ ಬಂದಾಗ ಕಾಳು ಬಾಚಲು ಆಯಿಯೇ ಹತ್ತುತ್ತಾಳೆ. ಒಂದು ಕೈಯಲ್ಲಿ ಬುಟ್ಟಿ ಇರುತ್ತದೆ. ಏಣಿ ಹಿಡಿಯಲು ಉಳಿಯುವುದು ಒಂದೇ ಕೈ.

ಐದನೆಯದು ಬಯಲಕಡೆಗೆ ಹೋಗುವ ದಾರಿ. ಪಾಯಖಾನೆ ಕಟ್ಟಿಸಿದ ಮನೆಗಳಲ್ಲೂ ಕೆಲವು ಮುದುಕರು ತಂಬಿಗೆ ಹಿಡಿದು ಹೊರಗೇ ಹೋಗುತ್ತಾರೆ. "ಕೂತ್ರ ಏಳಾಕ ಬರಂಗಿಲ್ಲಪ್ಪಾ, ಅಲ್ಲಿ ಹಿಡಕೊಳ್ಳಾಕ ಏನೂ ಇಲ್ಲ" ಎಂದು ಒಬ್ಬ ಆಯಿ ಹೇಳಿದಳು. ಹಠ ಎಂದು ನಾವು ತಿಳಿದದ್ದಕ್ಕೆ ಹೀಗೆ ಸರಿಯಾದ ಕಾರಣವಿತ್ತು.

ದೇಹದೊಳಗಿನ ಕಾರಣಗಳು

ನೆಲ ಜಾರಿದರೂ ಎಲ್ಲರೂ ಬೀಳುವುದಿಲ್ಲ. ಹರೆಯದವರು ಸಾವರಿಸಿಕೊಳ್ಳುತ್ತಾರೆ. ಮುಪ್ಪಿನಲ್ಲಿ ಸಾವರಿಸುವ ಶಕ್ತಿ ಎಲ್ಲಿ ಸೋರಿಹೋಗುತ್ತಿದೆ ಎಂದು ನೋಡಬೇಕು.

ಕಣ್ಣು: ಪೊರೆ ಬಂದ ಕಣ್ಣಿಗೆ ಮೆಟ್ಟಿಲಿನ ಅಂಚು ಕಾಣುವುದಿಲ್ಲ. ಪೊರೆಯ ಶಸ್ತ್ರಚಿಕಿತ್ಸೆ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಉಚಿತವಾಗಿ ಆಗುತ್ತದೆ. ಬಿತ್ತನೆ ಮುಗಿಯಲಿ, ರಾಶಿ ಮುಗಿಯಲಿ ಎಂದು ಮುಂದೂಡುತ್ತಾ ವರ್ಷಗಳೇ ಕಳೆಯುತ್ತವೆ.

ರಕ್ತದೊತ್ತಡ ಮತ್ತು ಗುಳಿಗೆ: ಮಲಗಿದವರು ದಿಢೀರನೆ ಎದ್ದರೆ ಕೆಲವರಿಗೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ಬಿಪಿ ಗುಳಿಗೆ, ನಿದ್ದೆ ಗುಳಿಗೆ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಗುಳಿಗೆಯನ್ನು ತಾವಾಗಿ ಬಿಡಬಾರದು. "ಎದ್ದಾಗ ತಲಿ ತಿರಗತದ" ಎಂದು ಡಾಕ್ಟರಿಗೆ ಹೇಳಬೇಕು. ಅವರು ಗುಳಿಗೆಯ ಪ್ರಮಾಣ ಅಥವಾ ಹೊತ್ತು ಬದಲಿಸಬಹುದು. ಎದ್ದು ಕೂತು, ಹೊರಸಿನ ಅಂಚಿನಲ್ಲಿ ಒಂದು ನಿಮಿಷ ಕಾಲು ಆಡಿಸಿ, ಆಮೇಲೆ ನಿಲ್ಲುವುದು ಖರ್ಚಿಲ್ಲದ ಉಪಾಯ.

ನೀರು ಕಡಿಮೆ ಕುಡಿಯುವುದು: ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ರಾತ್ರಿ ಏಳಬೇಕಾದೀತು ಎಂಬ ಭಯಕ್ಕೆ ಮುದುಕರು ಹಗಲಿಡೀ ನೀರೇ ಕುಡಿಯುವುದಿಲ್ಲ. ದೇಹ ಒಣಗಿ ತಲೆ ತಿರುಗುತ್ತದೆ. ಹಗಲಲ್ಲಿ ಚೆನ್ನಾಗಿ ಕುಡಿದು, ಮಲಗುವ ಮುಂಚಿನ ಒಂದೆರಡು ತಾಸು ಕಡಿಮೆ ಮಾಡಿದರೆ ಸಾಕು.

ಸಕ್ಕರೆ ರೋಗ: ಬಹಳ ವರ್ಷ ಸಕ್ಕರೆ ಹತೋಟಿಯಲ್ಲಿರದಿದ್ದರೆ ಅಂಗಾಲು ಜೋಮು ಹಿಡಿಯುತ್ತದೆ. ಚಪ್ಪಲಿ ಕಳಚಿದ್ದೂ ತಿಳಿಯುವುದಿಲ್ಲ, ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ.

ಬೋರಿನ ನೀರು: ಇದು ನಮ್ಮ ಸೀಮೆಯ ವಿಶೇಷ ಕಷ್ಟ. ಯಾದಗಿರಿ ಜಿಲ್ಲೆಯ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದಿದ್ದರೆ 1.5ರ ತನಕ ಪರವಾಗಿಲ್ಲ ಎಂಬುದು ಭಾರತೀಯ ಮಾನಕ. ಹೆಚ್ಚು ಫ್ಲೋರೈಡಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ, ಕುತ್ತಿಗೆ ತಿರುಗುವುದಿಲ್ಲ. ಹೀಗೆ ಬಿಗಿದ ಮೈ ಎಡವಿದಾಗ ಸಾವರಿಸಿಕೊಳ್ಳಲಾರದು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಪಂಚಾಯಿತಿಯವರಿಗೆ ಹೇಳಿ ನೀರು ಪರೀಕ್ಷೆ ಮಾಡಿಸಬೇಕು. ಊರಲ್ಲಿ ಶುದ್ಧ ನೀರಿನ ಘಟಕವಿದ್ದರೆ ಕುಡಿಯುವುದಕ್ಕೂ ಅಡುಗೆಗೂ ಅದನ್ನೇ ಬಳಸಬೇಕು. ಬಿಗಿದ ಕೀಲು ಮತ್ತೆ ಸಡಿಲಾಗುವುದು ಕಷ್ಟ, ಆದರೆ ಇನ್ನಷ್ಟು ಬಿಗಿಯದಂತೆ ತಡೆಯಬಹುದು. ಮೊಮ್ಮಕ್ಕಳಾದರೂ ಉಳಿಯುತ್ತಾರೆ.

ತೊಡೆಯ ಕಸುವು: ಎಲ್ಲಕ್ಕಿಂತ ದೊಡ್ಡ ಕಾರಣ ಇದು. ಒಮ್ಮೆ ಬಿದ್ದವರನ್ನು ಮನೆಯವರು "ನೀ ಏಳಬ್ಯಾಡ, ಅಲ್ಲೇ ಕೂಡು" ಎಂದು ಕೂರಿಸಿಬಿಡುತ್ತಾರೆ. ಅದು ಪ್ರೀತಿಯ ಮಾತೇ. ಆದರೆ ಕೂತ ಕಾಲು ಬಲು ಬೇಗ ಸೊರಗುತ್ತದೆ. ಸೊರಗಿದ ಕಾಲು ಮತ್ತೆ ಬೀಳಿಸುತ್ತದೆ.

ನಮ್ಮ ಮನೆಯಲ್ಲಿ ಮಾಡಿದ್ದು

ಅವ್ವನಿಗೆ ಎಪ್ಪತ್ತು ದಾಟಿದೆ. ಅವಳ ಓಡಾಟದ ದಾರಿಯನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಂದು ದಿನ ಗಮನಿಸಿದೆ. ಹೊರಸಿನಿಂದ ಬಚ್ಚಲಕ್ಕೆ, ಬಚ್ಚಲದಿಂದ ಒಲೆಗೆ, ಒಲೆಯಿಂದ ಕಟ್ಟೆಗೆ, ಕಟ್ಟೆಯಿಂದ ಕೊಟ್ಟಿಗೆಗೆ. ಇಡೀ ಮನೆ ಬದಲಿಸುವ ಅಗತ್ಯವಿಲ್ಲ, ಈ ಒಂದು ದಾರಿ ಸರಿಮಾಡಿದರೆ ಸಾಕು ಎಂದು ಅನಿಸಿತು.

ಪರಸಿಗೆ ಟಾಕಿ: ಬೀಸುವ ಕಲ್ಲಿಗೆ ಟಾಕಿ ಹಾಕುವವರನ್ನು ಕರೆದು ಬಚ್ಚಲದ ಪರಸಿಗೂ ಟಾಕಿ ಹೊಡೆಸಿದೆವು. ನುಣುಪು ಹೋಗಿ ಕಾಲಿಗೆ ಹಿಡಿತ ಬಂತು. ಹೊಸದಾಗಿ ಹಾಸುವವರು ಬಚ್ಚಲಕ್ಕೆ ಪಾಲಿಶ್ ಇಲ್ಲದ ಒರಟು ಪರಸಿಯನ್ನೇ ಹಾಕಿಸಿ. ಸಿಮೆಂಟಿನ ನೆಲವಾದರೆ ಹಸಿಯಿದ್ದಾಗಲೇ ಕಸಬರಿಗೆಯಿಂದ ಗೀರು ಎಳೆದರೆ ಆಯಿತು. ನೀರು ನಿಲ್ಲದಂತೆ ಇಳಿಜಾರಿರಲಿ. ಪಾಚಿಯನ್ನು ವಾರಕ್ಕೊಮ್ಮೆ ತಿಕ್ಕಿ ತೆಗೆಯಬೇಕು. ಜಾರದಿರಲಿ ಎಂದು ಗೋಣಿಚೀಲ ಹಾಸುವವರಿದ್ದಾರೆ. ಚೀಲವೇ ಸರಿದು ಬೀಳಿಸುತ್ತದೆ. ಅದು ಬೇಡ.

ಹಿಡಿಕೆಗೆ ಬೋರಿನ ಪೈಪು: ಬೋರಿನಿಂದ ತೆಗೆದಿಟ್ಟ ಹಳೆಯ ಜಿಐ ಪೈಪು ಹಿತ್ತಲಲ್ಲಿ ಬಿದ್ದಿತ್ತು. ಒಂದೂಕಾಲು ಇಂಚಿನದು. ಮುಷ್ಟಿಗೆ ಸರಿಯಾಗಿ ಸಿಗುವ ದಪ್ಪ ಅದೇ. ತುಕ್ಕು ತಿಕ್ಕಿ, ಬಣ್ಣ ಬಳಿದು, ಬಚ್ಚಲದ ಗೋಡೆಗೆ ಸುಮಾರು ಎರಡೂವರೆಯಿಂದ ಮೂರು ಅಡಿ ಎತ್ತರದಲ್ಲಿ ಕ್ಲಾಂಪ್ ಹಾಕಿ ಬಿಗಿಸಿದೆವು. ಗೋಡೆಗೂ ಪೈಪಿಗೂ ನಡುವೆ ಎರಡು ಬೆರಳಿಗಿಂತ ಸ್ವಲ್ಪ ಹೆಚ್ಚು ಸಂದು ಇರಬೇಕು, ಕೈ ಸಿಕ್ಕಿಕೊಳ್ಳಬಾರದು. ನಾನು ಪೂರ್ತಿ ಭಾರ ಹಾಕಿ ಜೋತು ನೋಡಿದ ಮೇಲೆಯೇ ಅವ್ವನಿಗೆ ಹಿಡಿಯಲು ಬಿಟ್ಟೆ. ಮಣ್ಣಿನ ಗೋಡೆಯಾದರೆ ಹಿಡಿಕೆ ಕಿತ್ತುಬರುತ್ತದೆ. ಅಂಥಲ್ಲಿ ಪಕ್ಕದಲ್ಲಿ ಕಂಬ ನೆಟ್ಟು ಕಾಂಕ್ರೀಟು ಹಾಕುವುದೇ ಸರಿ.

ಪಾಯಖಾನೆಗೆ ಕುರ್ಚಿ: ಗಟ್ಟಿಯಾದ ಕಟ್ಟಿಗೆ ಕುರ್ಚಿಯ ನಡುವೆ ಬಡಿಗನಿಂದ ರಂಧ್ರ ಕೊರೆಸಿ, ಅಂಚು ನುಣುಪು ಮಾಡಿಸಿ, ಬೇಸಿನ್ ಮೇಲೆ ಬರುವಂತೆ ಇಟ್ಟೆವು. ಪಕ್ಕದಲ್ಲೊಂದು ಹಿಡಿಕೆ. ಅವ್ವ ಬೆಳಗಿನ ಕತ್ತಲಲ್ಲಿ ಬಯಲಿಗೆ ಹೋಗುವುದು ಅಂದಿನಿಂದ ನಿಂತಿತು. ಇಂಥ ಕುರ್ಚಿಗಳು ಔಷಧಿ ಅಂಗಡಿಗಳಲ್ಲಿ ಸಿದ್ಧವಾಗಿಯೂ ಸಿಗುತ್ತವೆ.

ಅಂಚಿಗೆ ಸುಣ್ಣ: ಪ್ರತಿ ಮೆಟ್ಟಿಲಿನ ಅಂಚಿಗೆ, ಹೊಸ್ತಿಲ ಮೇಲೆ, ಕಟ್ಟೆಯ ತುದಿಗೆ ನಾಲ್ಕು ಬೆರಳಗಲದ ಬಿಳಿ ಪಟ್ಟಿ ಬಳಿದೆವು. ಪೊರೆ ಬಂದ ಕಣ್ಣಿಗೂ ಅದು ಕಾಣುತ್ತದೆ. ಸುಣ್ಣ ಮಳೆಗೆ ಹೋಗುತ್ತದೆ, ಹೊರಗಿನ ಮೆಟ್ಟಿಲಿಗೆ ಆಯಿಲ್ ಪೇಂಟ್ ಒಳ್ಳೆಯದು.

ರಾತ್ರಿ ಬೆಳಕು: ಹೊರಸಿನಿಂದ ಬಚ್ಚಲದ ದಾರಿಗೆ ಒಂದು ಸಣ್ಣ ಎಲ್‌ಇಡಿ ಬಲ್ಬು ರಾತ್ರಿಯಿಡೀ ಉರಿಯುತ್ತದೆ. ಕರೆಂಟು ಹೋದಾಗ ಇರಲಿ ಎಂದು ಬ್ಯಾಟರಿ ದಿಂಬಿನ ಬದಿಗೇ ಇದೆ. ನಡುರಾತ್ರಿ ಪದೇ ಪದೇ ಏಳುವವರಿಗೆ ಹೊರಸಿನ ಪಕ್ಕದಲ್ಲೇ ಮುಚ್ಚಳದ ಡಬ್ಬಿ ಇಟ್ಟರೆ ನಾಚಿಕೆ ಪಡುವಂಥದ್ದೇನೂ ಇಲ್ಲ.

ಹೊರಸಿನ ಎತ್ತರ: ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು, ಮೊಣಕಾಲು ತೊಡೆಗಿಂತ ಮೇಲೆ ಬರಬಾರದು. ನುಲಿ ಜೋತುಬಿದ್ದ ಹೊರಸಿನಿಂದ ಏಳುವುದು ಕಷ್ಟ. ನುಲಿ ಬಿಗಿಮಾಡಿ, ಕಾಲು ಗಿಡ್ಡವಿದ್ದರೆ ಕೆಳಗೆ ಗುಣಿಯುಳ್ಳ ಮರದ ದಿಮ್ಮಿ ಕೊಡಬಹುದು. ಬರಿ ಕಲ್ಲಿನ ಮೇಲೆ ಇಟ್ಟರೆ ಸರಿಯುತ್ತದೆ.

ಕೊಟ್ಟಿಗೆ ದಾರಿ: ದನದ ಗೂಟಗಳನ್ನು ಒಂದೇ ಬದಿಗೆ ಸರಿಸಿ ಮೂರಡಿ ದಾರಿ ಖಾಲಿ ಬಿಟ್ಟೆವು. ಕಟಗಿ ಒಟ್ಟುವ ಜಾಗ ಮನೆಯ ಇನ್ನೊಂದು ಮಗ್ಗುಲಿಗೆ ಹೋಯಿತು.

ಮಾಳಿಗೆ ಏಣಿ: ಇದಕ್ಕೆ ಉಪಾಯವಿಲ್ಲ. ಅವ್ವ ಹತ್ತಬಾರದು, ಅಷ್ಟೇ. ಮೆಣಸಿನಕಾಯಿ ಈಗ ಅಂಗಳದ ತಾಡಪಾಲಿನ ಮೇಲೆ ಒಣಗುತ್ತದೆ.

ಬಡಗಿ ಹಿಡಿಯುವುದಕ್ಕೂ ಲೆಕ್ಕವಿದೆ

ಬಡಗಿ ಹಿಡಿದರೆ ಮುದುಕರಾದೆವು ಎಂಬ ಸಂಕೋಚ ಬೇರೆ ಕಡೆ ಇದ್ದೀತು, ಆಡು ಕುರಿ ಕಾಯುವ ನಮ್ಮವರಿಗಿಲ್ಲ. ಆದರೆ ಕುರಿ ಕಾಯುವ ಬಡಗಿ ಬೇರೆ, ಊರಿ ನಡೆಯುವ ಬಡಗಿ ಬೇರೆ.

ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಷ್ಟು ಎತ್ತರಕ್ಕೆ ಬಡಗಿಯ ಹಿಡಿ ಇರಬೇಕು. ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬಲ ಮೊಣಕಾಲು ನೋವಿದ್ದರೆ ಎಡಗೈಯಲ್ಲಿ. ನೋವಿನ ಕಾಲು ಮುಂದಿಡುವಾಗಲೇ ಬಡಗಿಯೂ ಮುಂದೆ ಬರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಬಡಗಿಯ ತುದಿಗೆ ರಬ್ಬರ್ ಬುಷ್ ಇಲ್ಲದಿದ್ದರೆ ಪರಸಿಯ ಮೇಲೆ ಬಡಗಿಯೇ ಜಾರುತ್ತದೆ. ಔಷಧಿ ಅಂಗಡಿಯಲ್ಲಿ ಬುಷ್ ಅಗ್ಗಕ್ಕೆ ಸಿಗುತ್ತದೆ. ಸವೆದ ಕೂಡಲೇ ಬದಲಿಸಬೇಕು.

ಹೊಲದ ದಾರಿ

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರದ ಕಡೆ ಭತ್ತದ ಗದ್ದೆಗಳಾದವು. ಅಲ್ಲಿ ಹಿರಿಯರಿಗೆ ಹೊಸ ಅಪಾಯ ಬಂದಿದೆ. ಒಂದಡಿ ಅಗಲದ ಹಸಿ ಬದು, ಪಾಚಿ ಕಟ್ಟಿದ ಕಾಲುವೆಯ ಅಂಚು. ನಮ್ಮ ಕಡೆ ಒಣ ಬೇಸಾಯವಾದರೂ ಮಳೆ ಬಿದ್ದ ದಿನ ಎರೆಮಣ್ಣು ಚಪ್ಪಲಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿರುಕಿನಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ.

ಹಿರಿಯರು ನಡೆಯುವ ಒಂದು ಬದುವನ್ನು ಎರಡಡಿ ಅಗಲ ಮಾಡಿ ಮೊರಂ ಹಾಕಿದರೆ ಒಳ್ಳೆಯದು. ಕಾಲುವೆ ದಾಟುವಲ್ಲಿ ಒಂಟಿ ಮರದ ದಿಮ್ಮಿಯ ಬದಲು ಎರಡು ಪರಸಿ ಹಾಸಿ, ಒಂದು ಬದಿಗೆ ಬಿದಿರ ಕಟ್ಟು ಕೊಡಿ. ಮಳೆ ನಿಂತ ಮರುದಿನ ಹೊಲಕ್ಕೆ ಹೋಗುವ ಕೆಲಸ ಹರೆಯದವರದ್ದಾಗಲಿ. ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿಯೇ ಬೇಕು. ಸವೆದ ಹವಾಯಿ ಚಪ್ಪಲಿ ಮನೆಯೊಳಗೂ ಅಪಾಯ.

ಕಾಲಿಗೆ ಕಸುವು ತುಂಬುವುದು

ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮನೆಯಲ್ಲೇ ಮಾಡುವ ಕೆಲವು ಸರಳ ಕಸರತ್ತುಗಳನ್ನು ಹಿರಿಯರಿಗೆ ಕಲಿಸಿ ನೋಡಿದರು. ಬೀಳುವುದು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ನಡೆದ ನೂರಕ್ಕೂ ಹೆಚ್ಚು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಲೆಕ್ಕ ಹಾಕಿದಾಗಲೂ ಕಸರತ್ತಿನಿಂದ ಹೆಚ್ಚುಕಡಿಮೆ ಕಾಲುಭಾಗ ಇಳಿದದ್ದು ಕಂಡಿತು. ನಮ್ಮ ಕೊಟ್ಟಿಗೆಯ ಕಂಬ ಹಿಡಿದು ಮಾಡಬಹುದಾದವು ಇವು:

1. ಕುರ್ಚಿ ಅಥವಾ ಕಟ್ಟೆಯ ಮೇಲೆ ಕೂತು, ಕೈ ಊರದೆ ಎದ್ದು ನಿಲ್ಲುವುದು, ನಿಧಾನಕ್ಕೆ ಕೂರುವುದು. ಆರಂಭದಲ್ಲಿ ಐದು ಸಲ, ಆಮೇಲೆ ಹತ್ತು. ಆಗದವರು ಒಂದು ಕೈ ಊರಲಿ.

2. ಕಂಬ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಹತ್ತು ಸಲ. ಆಮೇಲೆ ಬೆರಳು ಎತ್ತಿ ಹಿಮ್ಮಡಿಯ ಮೇಲೆ ನಿಲ್ಲುವುದು, ಹತ್ತು ಸಲ.

3. ಕಂಬ ಹಿಡಿದು ಒಂದು ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸುವುದು. ಎರಡೂ ಕಾಲಿಗೆ ಹತ್ತತ್ತು.

4. ಗೋಡೆಯ ಪಕ್ಕದಲ್ಲಿ, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ, ಬದುವಿನ ಮೇಲೆ ನಡೆದಂತೆ ಹತ್ತು ಹೆಜ್ಜೆ.

5. ಕಂಬ ಹಿಡಿದು ಒಂದೇ ಕಾಲಲ್ಲಿ ಹತ್ತು ಎಣಿಸುವ ತನಕ ನಿಲ್ಲುವುದು.

ವಾರಕ್ಕೆ ಮೂರು ದಿನವಾದರೂ ಮಾಡಬೇಕು. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಎದೆನೋವು, ಉಸಿರುಗಟ್ಟುವುದು ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು. ನಮ್ಮ ಮನೆಯಲ್ಲಿ ಮೊಮ್ಮಗಳೇ ಎಣಿಸುವವಳು. ಸಾಲಿಯಲ್ಲಿ ಮಗ್ಗಿ ಹೇಳಿದ ಹಾಗೆ ಜೋರಾಗಿ ಎಣಿಸುತ್ತಾಳೆ, ಅವ್ವನಿಗೂ ನಗು.

ಗಡಿಯಾರದ ಪರೀಕ್ಷೆ

ಯಾರಿಗೆ ಬೀಳುವ ಅಪಾಯ ಹೆಚ್ಚು ಎಂದು ಆಸ್ಪತ್ರೆಗಳಲ್ಲಿ ನೋಡುವ ಒಂದು ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಕುರ್ಚಿಯಿಂದ ಮೂರು ಮೀಟರ್, ಅಂದರೆ ಹತ್ತಡಿ ದೂರದಲ್ಲಿ ನೆಲಕ್ಕೆ ಗೆರೆ ಎಳೆಯಿರಿ. ಹಿರಿಯರು ಎದ್ದು, ದಿನಾ ನಡೆಯುವ ಹಾಗೆ ಗೆರೆಯವರೆಗೆ ನಡೆದು, ತಿರುಗಿ ಬಂದು ಕೂರಲಿ. ಬಡಗಿ ಹಿಡಿಯುವವರು ಹಿಡಿಯಲಿ. ಮೊಬೈಲಿನಲ್ಲಿ ಸೆಕೆಂಡು ಎಣಿಸಿ. ಹನ್ನೆರಡು ಸೆಕೆಂಡು ಅಥವಾ ಹೆಚ್ಚಾದರೆ ಎಚ್ಚರ ಬೇಕು. ಕಳೆದ ಒಂದು ವರ್ಷದಲ್ಲಿ ಒಮ್ಮೆಯಾದರೂ ಬಿದ್ದಿದ್ದರೆ ಗಡಿಯಾರವೇ ಬೇಡ, ಮತ್ತೆ ಬೀಳುವ ಸಂಭವ ಇದೆ ಎಂದೇ ತಿಳಿಯಬೇಕು. ಎಷ್ಟೋ ಹಿರಿಯರು ಬಿದ್ದದ್ದನ್ನು ಹೇಳುವುದೇ ಇಲ್ಲ. ಹೊರಗೆ ಬಿಡುವುದಿಲ್ಲ ಎಂಬ ಹೆದರಿಕೆ ಅವರದು. ಬೈಯದೆ ಕೇಳಿದರೆ ಹೇಳುತ್ತಾರೆ.

ಬಿದ್ದಾಗ ಏನು ಮಾಡಬೇಕು?

ತೋಳು ಹಿಡಿದು ಸರ್ರನೆ ಎತ್ತಬೇಡಿ. ಮೊದಲು ಮಾತಾಡಿಸಿ, ಎಲ್ಲಿ ನೋವೆಂದು ಕೇಳಿ. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಪಾದ ಹೊರಗೆ ತಿರುಗಿದ್ದು, ತೊಡೆಸಂದಿಯಲ್ಲಿ ನೋವಿದ್ದು, ಕಾಲು ಊರಲು ಆಗದಿದ್ದರೆ ಸೊಂಟದ ಕೀಲಿನ ಎಲುಬು ಮುರಿದಿರುವ ಸಂಭವ ಹೆಚ್ಚು. ತಿಕ್ಕಬಾರದು, ಎಳೆಯಬಾರದು, ನಡೆಸಿ ನೋಡಬಾರದು. ಎರಡೂ ಕಾಲಿನ ನಡುವೆ ಮಡಚಿದ ಕಂಬಳಿ ಇಟ್ಟು, ಬಟ್ಟೆಯಿಂದ ಸಡಿಲವಾಗಿ ಕಟ್ಟಿ, ಹೊರಸಿನ ಮೇಲೆ ಮಲಗಿಸಿ ಹೊತ್ತು ತನ್ನಿ. ನಮ್ಮ ಓಣಿಗಳಿಗೆ ಹೊರಸಿಗಿಂತ ಒಳ್ಳೆಯ ಸ್ಟ್ರೆಚರ್ ಇಲ್ಲ. 108ಕ್ಕೆ ಫೋನು ಮಾಡಿ.

ಈ ಎಲುಬಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕು. ಒಂದೆರಡು ದಿನದಲ್ಲೇ ಆದರೆ ಬಹಳ ಒಳ್ಳೆಯದು. ಬೇಗ ಎದ್ದು ಕೂತಷ್ಟೂ ಬೆನ್ನಿನ ಹುಣ್ಣು, ಎದೆಯ ಕಫ ದೂರ. ಎಲುಬು ಕಟ್ಟುವವರ ಮೇಲೆ ನಮ್ಮವರಿಗೆ ನಂಬಿಕೆ ಇದೆ. ಕೈ ಮಣಿಕಟ್ಟಿನ ಸಣ್ಣ ಪೆಟ್ಟಿಗೆ ಅವರು ಕಟ್ಟಿದ್ದು ಕೂಡಿಕೊಂಡಿರಬಹುದು. ಸೊಂಟದ ಕೀಲಿಗೆ ಹೊರಗಿನಿಂದ ಪಟ್ಟು ಹಾಕಿದರೆ ಎಲುಬು ನಿಲ್ಲುವುದಿಲ್ಲ. ಎಲ್ಲಿಗೆ ಹೋಗುವ ಮನಸ್ಸಿದ್ದರೂ ಮೊದಲು ಒಂದು ಎಕ್ಸ್‌ರೇ ತೆಗೆಸಿ.

ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ಮಾತು ತೊದಲು ಕಂಡರೆ ತಡಮಾಡಬಾರದು. ರಕ್ತ ತೆಳುಮಾಡುವ ಗುಳಿಗೆ ನುಂಗುವವರ ತಲೆಗೆ ಪೆಟ್ಟಾದರೆ ಏನೂ ಕಾಣದಿದ್ದರೂ ಆಸ್ಪತ್ರೆಗೆ ತೋರಿಸಬೇಕು.

ಒಬ್ಬರೇ ಇದ್ದಾಗ ಬಿದ್ದರೆ ಏಳುವ ಕ್ರಮವನ್ನೂ ಕಲಿಸಿಡಬೇಕು. ಗಾಬರಿಯಾಗದೆ ಒಂದು ಗಳಿಗೆ ಹಾಗೇ ಇರುವುದು, ಮಗ್ಗುಲಿಗೆ ಹೊರಳುವುದು, ಮಂಡಿ ಮತ್ತು ಕೈ ಊರಿ ಹೊರಸಿನ ತನಕ ತೆವಳುವುದು, ಅದನ್ನು ಹಿಡಿದು ಒಂದು ಪಾದ ಊರಿ ಎದ್ದು ಕೂರುವುದು. ಏಳಲಾಗದಿದ್ದರೆ ಕೂಗಲು, ತಟ್ಟೆ ಬಡಿಯಲು. ನಮ್ಮ ಅವ್ವನ ಕೊರಳ ದಾರದಲ್ಲಿ ಈಗ ಒಂದು ಸೀಟಿ ಇದೆ.

ಸಿಗುವ ಸವಲತ್ತು

ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ದಾಟಿದ ಬಡ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ, ಕನ್ನಡಕ, ಕಿವಿಯ ಯಂತ್ರಗಳನ್ನು ಶಿಬಿರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಶಿಬಿರ ಯಾವಾಗ ಎಂದು ಜಿಲ್ಲೆಯ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ವಿಚಾರಿಸಬೇಕು. ಹಿರಿಯರ ಸಹಾಯವಾಣಿಯ ಸಂಖ್ಯೆ 14567, ಕರೆ ಉಚಿತ.

ಸವಲತ್ತಿಗಿಂತ ದೊಡ್ಡದು ಮನೆಗೆ ಬಂದು ನೋಡುವ ಒಬ್ಬರು ಇರುವುದು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಅಲ್ಲಿ ಗಿರಿಜನರ ಹೆಣ್ಣುಮಕ್ಕಳಿಗೇ ಆರೋಗ್ಯ ಸಹಾಯಕಿಯ ತರಬೇತಿ ಕೊಟ್ಟರು. ತಮ್ಮದೇ ಮಾತಾಡುವ, ತಮ್ಮವರ ಮನೆ ಗೊತ್ತಿರುವ ಹುಡುಗಿ ಬಂದು ಹೇಳಿದರೆ ಹಿರಿಯರು ಕೇಳುತ್ತಾರೆ. ನಮ್ಮೂರಿನಲ್ಲೂ ಆಶಾ ಕಾರ್ಯಕರ್ತೆಯರಿದ್ದಾರೆ. ಬಾಣಂತಿ, ಕೂಸು ನೋಡಲು ಬಂದಾಗ "ಮುತ್ಯಾನ್ನೂ ಒಮ್ಮೆ ನೋಡಿ ಹೋಗವ್ವಾ" ಎಂದು ನಾವೇ ಕೇಳಬೇಕು. ಗುಳೆ ಹೋಗುವವರು ಹೊರಡುವ ಮುಂಚೆ ಮನೆ ಒಮ್ಮೆ ಸುತ್ತಿ ನೋಡಿ, ಪಕ್ಕದ ಮನೆಯವರಿಗೆ ಬೆಳಿಗ್ಗೆ ಸಂಜೆ ಒಂದು ಕೂಗು ಹಾಕಲು ಹೇಳಿಹೋದರೆ ಒಳ್ಳೆಯದು.

ಇಷ್ಟರಿಂದ ಯಾರೂ ಬೀಳುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಅವ್ವ ಹೋದ ವರ್ಷ ಪೊರೆ ತೆಗೆಸಿಕೊಂಡಳು. ಬಡಗಿಗೆ ಬುಷ್ ಹಾಕಿಸಿದ್ದೇವೆ. ಈ ಸಲ ಹತ್ತಿ ಬಿಡಿಸಲು ನಮ್ಮ ಜೊತೆಗೇ ಬಂದಳು, ಸಾಲಿನ ತುದಿಯಲ್ಲಿ ಕೂತು ಬಿಡಿಸಿದಳು. ಅವಳು ನಡೆಯುತ್ತಾ ಇರಲಿ ಎಂಬುದಕ್ಕೇ ಇದೆಲ್ಲ.

ಯುಗಾದಿಗೆ, ಜಾತ್ರೆಗೆ ಮನೆಗೆ ಸುಣ್ಣ ಬಳಿಯುವುದು ನಮ್ಮಲ್ಲಿ ಎಲ್ಲರ ರೂಢಿ. ಆವತ್ತೇ ಹಿರಿಯರ ಹಿಂದೆ ಒಂದು ಸುತ್ತು ನಡೆದು, ಅವರ ಕಾಲು ತಡೆಯುವ ಜಾಗಗಳನ್ನು ಗುರುತಿಸಿ. ಬಕೀಟಿನಲ್ಲಿ ಉಳಿದ ಸುಣ್ಣ ಹೊಸ್ತಿಲಿಗೆ, ಮೆಟ್ಟಿಲಿನ ಅಂಚಿಗೆ ಸಾಕು. ನಿಮ್ಮ ಕಡೆಯ ಮನೆಗಳಲ್ಲಿ ಇದಕ್ಕೆ ಬೇರೆ ಉಪಾಯ ಮಾಡಿದ್ದರೆ ಪತ್ರಿಕೆಗೆ ಬರೆಯಿರಿ. ಮಣ್ಣಿನ ಗೋಡೆಗೆ ಗಟ್ಟಿಯಾಗಿ ನಿಲ್ಲುವ ಹಿಡಿಕೆ ಹಾಕುವ ಬಗೆ ಯಾರಿಗಾದರೂ ಗೊತ್ತಿದ್ದರೆ ನಮ್ಮ ಓಣಿಯ ಎಷ್ಟೋ ಮನೆಗಳಿಗೆ ಬೇಕಾಗಿದೆ.